ದೊಡ್ಡಪ್ಪನ ರ‍್ಯಾಲಿ ಮತ್ತೆ ರಸ್ತೆಗಿಳಿದದ್ದು

ಸುಮಾರು ಎಪ್ಪತ್ತು ವರ್ಷ ಹಳೆಯ ರ‍್ಯಾಲಿ ಸೈಕಲ್ ಒಂದನ್ನು ಬಿಚ್ಚಿ, ತೊಳೆದು, ಕಟ್ಟಿ, ಮತ್ತೆ ಓಡುವಂತೆ ಮಾಡುವ ಕೆಲಸ ಕಳೆದ ವಾರ ಮುಗಿಯಿತು. ವಿಷುವಿಗೆ ಹಿಡಿದದ್ದು ದೀಪಾವಳಿಯವರೆಗೆ ಎಳೆಯಿತು. ಇಷ್ಟು ಕಾಲ ತಿಂದದ್ದು ತುಕ್ಕಲ್ಲ. ಯಾವ ತಿರುಪು ಯಾವ ಕಡೆಗೆ ಬಿಚ್ಚಿಕೊಳ್ಳುತ್ತದೆ, ಯಾವ ಭಾಗ ಊರಿನಲ್ಲಿ ಸಿಗುತ್ತದೆ, ಯಾವುದು ಸಿಗುವುದಿಲ್ಲ, ಯಾರಿಗೆ ಯಾವ ಕಾಗದ ಕೊಡಬೇಕು ಎಂಬುದನ್ನೆಲ್ಲ ಒಂದೊಂದಾಗಿ ತಿಳಿದುಕೊಳ್ಳುವುದರಲ್ಲೇ ತಿಂಗಳುಗಳು ಹೋದವು. ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಹಳೆಯ ಮನೆಗಳ ಅಟ್ಟದಲ್ಲಿ, ಸೌದೆ ಕೊಟ್ಟಿಗೆಯಲ್ಲಿ ಇಂಥ ಸೈಕಲ್‌ಗಳು ಇನ್ನೂ ನಿಂತಿವೆ. ಅವುಗಳ ಮೇಲೆ ಕೈಯಿಡುವವರಿಗೆ ನನ್ನಷ್ಟು ಕಾಲ ಹಿಡಿಯದಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಸೈಕಲ್ ನಮ್ಮ ದೊಡ್ಡಪ್ಪನದು. ಕಾಸರಗೋಡು ಇನ್ನೂ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿದ್ದಾಗ, ಅಂದರೆ 1956ರ ನವೆಂಬರಿಗೆ ಮೊದಲು, ಅವರು ಅದನ್ನು ಮಂಗಳೂರಿನಲ್ಲಿ ಕೊಂಡರೆಂದು ಅಪ್ಪ ಹೇಳುತ್ತಿದ್ದರು. ದೊಡ್ಡಪ್ಪನದು ಅಂಚೆ ಬಟವಾಡೆಯ ಕೆಲಸ. ಸೈಕಲ್ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ತಯಾರಾದ ರ‍್ಯಾಲಿ, ಅದರಲ್ಲೂ ಮೂರು ಗೇರಿನದು. ನಿವೃತ್ತರಾಗಿ ಮಗನ ಜೊತೆ ಕೊಯಮತ್ತೂರಿಗೆ ಹೋಗುವಾಗಲೂ ಅವರು ಅದನ್ನು ಬಿಟ್ಟು ಹೋಗಲಿಲ್ಲ. ಅವರು ತೀರಿಕೊಂಡು ಬಹಳ ಕಾಲವಾಯಿತು. ಈ ಸಲದ ವಿಷುವಿನ ಮರುದಿನ ಅಣ್ಣ, ಅಂದರೆ ದೊಡ್ಡಪ್ಪನ ಮಗ, ಫೋನ್ ಮಾಡಿದ. ಮನೆ ಮಾರಿ ಫ್ಲ್ಯಾಟಿಗೆ ಹೋಗುತ್ತಿದ್ದೇವೆ, ಗುಜರಿಯವರು ಸೈಕಲ್‌ಗೆ ಐನೂರು ರೂಪಾಯಿ ಹೇಳಿದ್ದಾರೆ, ಕೊಡುವುದಕ್ಕೆ ಮನಸ್ಸಾಗುತ್ತಿಲ್ಲ, ನಿನಗೆ ಬೇಕೇ ಎಂದು ಕೇಳಿದ. ಬೇಕು ಎಂದು ಹೇಳುವುದಕ್ಕೆ ನನಗೆ ಯೋಚನೆಯೇ ಬೇಕಾಗಲಿಲ್ಲ.

ಮೊದಲ ತೊಡಕು ಸಾಗಣೆ. ಕೊಯಮತ್ತೂರಿನಿಂದ ರೈಲಿನ ಪಾರ್ಸೆಲ್‌ನಲ್ಲಿ ಕಳಿಸುವುದೇ ಅಗ್ಗ. ಆದರೆ ಹೆಚ್ಚಿನ ಗಾಡಿಗಳು ಕಾಸರಗೋಡಿನಲ್ಲಿ ನಿಲ್ಲುವುದು ಒಂದೆರಡು ನಿಮಿಷ. ಅಷ್ಟರಲ್ಲಿ ಪಾರ್ಸೆಲ್ ಇಳಿಸುವುದು ಆಗದ ಮಾತು. ಹಾಗಾಗಿ ಮಂಗಳೂರು ಸೆಂಟ್ರಲ್‌ಗೆ ಬುಕ್ ಮಾಡುವುದು ಒಳ್ಳೆಯದು. ಗಾಡಿ ಅಲ್ಲೇ ಮುಗಿಯುವುದರಿಂದ ಇಳಿಸಲು ಅವಸರವಿರುವುದಿಲ್ಲ. ಬುಕಿಂಗಿಗೆ ಭರ್ತಿ ಮಾಡಿದ ಫಾರ್ವರ್ಡಿಂಗ್ ನೋಟ್ ಎಂಬ ಅರ್ಜಿ, ಗುರುತು ಚೀಟಿಯ ಪ್ರತಿ, ವಸ್ತು ತನ್ನದೇ ಎಂಬ ಹೇಳಿಕೆ ಬೇಕು. ಎಪ್ಪತ್ತು ವರ್ಷದ ಹಿಂದಿನ ಬಿಲ್ಲನ್ನು ಎಲ್ಲಿಂದ ತರುವುದು? ಫ್ರೇಮಿನ ಮೇಲೆ ಕೊರೆದ ನಂಬರನ್ನು ಬರೆದು, ತಂದೆಯಿಂದ ಬಂದ ಹಳೆಯ ಸೈಕಲ್ ಎಂದು ಅಣ್ಣ ಒಂದು ಪತ್ರಕ್ಕೆ ಸಹಿ ಹಾಕಿ ಕೊಟ್ಟ. ಅಷ್ಟು ಸಾಕಾಯಿತು. ಪ್ಯಾಕಿಂಗ್ ಮಾತ್ರ ಸ್ವತಃ ನಿಂತು ಮಾಡಿಸಬೇಕು. ಪೆಡಲ್ ಬಿಚ್ಚಿ, ಹ್ಯಾಂಡಲ್ ಸಡಿಲಿಸಿ ಫ್ರೇಮಿಗೆ ಸಮವಾಗಿ ತಿರುಗಿಸಿ, ಬೈಹುಲ್ಲು ಇಟ್ಟು ಗೋಣಿಯಲ್ಲಿ ಹೊಲಿಯಬೇಕು. ಹೋಗಬೇಕಾದ ಊರು, ಹೆಸರು, ಫೋನ್ ನಂಬರನ್ನು ಬಟ್ಟೆಯ ತುಂಡಿನ ಮೇಲೆ ಅಳಿಸದ ಶಾಯಿಯಲ್ಲಿ ಬರೆದು ಎರಡು ಕಡೆ ಹೊಲಿಸಿದರೆ ನಿಶ್ಚಿಂತೆ.

ಸೈಕಲ್ ಮರುದಿನವೇ ಮಂಗಳೂರು ತಲುಪಿತು. ನನ್ನ ಕೈಗೆ ಬರುವುದಕ್ಕೆ ಮಾತ್ರ ವಾರ ಹಿಡಿಯಿತು. ಬಿಡಿಸಿಕೊಳ್ಳಲು ಬುಕಿಂಗ್ ರಸೀದಿಯ ಮೂಲಪ್ರತಿಯೇ ಬೇಕು. ಅಣ್ಣ ವಾಟ್ಸಾಪಿನಲ್ಲಿ ಕಳಿಸಿದ ಫೋಟೊ ನಡೆಯಲಿಲ್ಲ. ರಸೀದಿ ಕಳೆದೇಹೋಗಿದ್ದರೆ ಛಾಪಾ ಕಾಗದದಲ್ಲಿ ನಷ್ಟಭರ್ತಿಯ ಮುಚ್ಚಳಿಕೆ ಬರೆದುಕೊಡುವ ದಾರಿಯಿದೆ ಎಂದು ಅಲ್ಲಿದ್ದವರು ಸಮಾಧಾನವಾಗಿಯೇ ವಿವರಿಸಿದರು. ಮೂಲಪ್ರತಿ ಭದ್ರವಾಗಿ ಅಣ್ಣನ ಬಳಿಯೇ ಇದ್ದುದರಿಂದ ಅವನು ಸ್ಪೀಡ್ ಪೋಸ್ಟ್ ಮಾಡಿದ. ಅದು ಬರುವಷ್ಟರಲ್ಲಿ ಉಚಿತ ಅವಧಿ ಮುಗಿದು, ಗಂಟೆಗಳ ಲೆಕ್ಕದಲ್ಲಿ ಬಾಡಿಗೆ ಏರಿತ್ತು. ನೀವು ಹೀಗೆ ತರಿಸುವುದಾದರೆ ಬುಕ್ ಮಾಡಿದ ದಿನವೇ ರಸೀದಿಯನ್ನು ಅಂಚೆಗೆ ಹಾಕಿಸಿ. ಮಂಗಳೂರಿನಿಂದ ಮನೆಗೆ ತರಲು ಪ್ರತ್ಯೇಕ ವಾಹನ ಮಾಡಬೇಕಾಗಿಲ್ಲ. ಅಡಿಕೆ ಕೊಟ್ಟು ಖಾಲಿ ಮರಳುವ ಪಿಕಪ್‌ಗಳು ನಮ್ಮ ಕಡೆಗೆ ದಿನವೂ ಇರುತ್ತವೆ. ಪರಿಚಯದವರು ಡೀಸೆಲ್‌ಗೆಂದು ಕೊಟ್ಟ ಇನ್ನೂರು ರೂಪಾಯಿಗೆ ಮನೆ ಬಾಗಿಲಿಗೆ ಇಳಿಸಿದರು.

ಗೋಣಿ ಬಿಚ್ಚಿದಾಗ ಕಂಡದ್ದು ಕಪ್ಪು ಎಣ್ಣೆಜಿಡ್ಡು, ಅದರ ಮೇಲೆ ಕೆಂಪು ಧೂಳು, ಅದರ ಅಡಿಯಲ್ಲಿ ತುಕ್ಕು. ಆದರೂ ಎಲ್ಲವೂ ಇತ್ತು. ಮುಂದಿನ ಕೊಳವೆಯ ಮೇಲೆ ಕೊಕ್ಕರೆಯ ತಲೆಯ ಲಾಂಛನ, ಹಲ್ಲುಚಕ್ರದ ಒಳಗೆ ಕತ್ತರಿಸಿ ಬಿಡಿಸಿದ ಕೊಕ್ಕರೆಗಳು, ಸರಳಿನ ಬ್ರೇಕು, ಪೂರ್ತಿ ಮುಚ್ಚಿದ ಚೈನ್ ಕವರು. ಹಿಂದಿನ ಚಕ್ರದ ನಡುವಿನ ಗುಂಬ, ಅಂದರೆ ಹಬ್ಬನ್ನು ಸೀಮೆಎಣ್ಣೆ ಬಟ್ಟೆಯಿಂದ ಒರೆಸಿದಾಗ ಸ್ಟರ್ಮಿ-ಆರ್ಚರ್ ಎಂಬ ಹೆಸರು, ಎಡಬ್ಲ್ಯು (AW) ಎಂಬ ಮಾದರಿ, ಪಕ್ಕದಲ್ಲಿ 55 ಎಂಬ ಅಂಕಿ ಮೂಡಿ ಬಂದವು. ಆ ಕಾಲದ ಈ ಹಬ್ಬುಗಳ ಮೇಲೆ ತಯಾರಾದ ವರ್ಷದ ಕೊನೆಯ ಎರಡು ಅಂಕಿಗಳನ್ನು ಒತ್ತುತ್ತಿದ್ದರು. ಅಂದರೆ 1955. ಅಪ್ಪನ ಮಾತಿಗೆ ಲೆಕ್ಕ ಕೂಡಿತು. ಹಿಂದಿನ ಚಕ್ರ ಬೇರೆ ಸೈಕಲಿನದಲ್ಲದಿದ್ದರೆ ಸೈಕಲಿನ ವಯಸ್ಸನ್ನು ಕಂಡುಹಿಡಿಯಲು ಇದಕ್ಕಿಂತ ಸುಲಭದ ದಾರಿಯಿಲ್ಲ.

ಮನೆಗೆ ಬಂದು ನೋಡಿದವರೆಲ್ಲ ಕೊಟ್ಟ ಸಲಹೆ ಒಂದೇ: ಪೂರ್ತಿ ಉಜ್ಜಿ ಪೈಂಟ್ ಹೊಡೆಸಿ, ಹೊಸದರ ಹಾಗಾಗುತ್ತದೆ. ನಾನೂ ಎರಡು ದಿನ ಹಾಗೆಯೇ ಯೋಚಿಸಿದೆ. ಆಮೇಲೆ ಸಾಬೂನು ನೀರು ಮತ್ತು ಹಳೆಯ ಬನಿಯನ್ ಬಟ್ಟೆ ಹಿಡಿದು ಮೇಲಿನ ಅಡ್ಡಕಂಬವನ್ನು ಮೆಲ್ಲನೆ ಒರೆಸುತ್ತಾ ಹೋದೆ. ಸೀಟಿನ ಹತ್ತಿರ ಕಪ್ಪು ಬಣ್ಣದ ನಡುವೆ ಕೂದಲೆಳೆಯಂಥ ಚಿನ್ನದ ಗೆರೆ ಹೊರಬಂತು. ಹ್ಯಾಂಡಲಿನ ಕಡೆಗೆ ಬಂದಂತೆ ಗೆರೆ ಮಸುಕಾಗಿ, ಅಡ್ಡಕಂಬದ ನಡುವಿನಲ್ಲಿ ಒಂದು ಗೇಣಿನಷ್ಟು ಉದ್ದಕ್ಕೆ ಬಣ್ಣವೇ ಇರಲಿಲ್ಲ. ಕಬ್ಬಿಣ ನುಣುಪಾಗಿ ಕಂದು ಬಣ್ಣಕ್ಕೆ ತಿರುಗಿತ್ತು. ನಮ್ಮನ್ನು, ಅಂದರೆ ಅಣ್ಣ, ಅಕ್ಕ, ನಾನು ಹೀಗೆ ಮನೆಯ ಮಕ್ಕಳನ್ನೆಲ್ಲ ದೊಡ್ಡಪ್ಪ ಕೂರಿಸಿಕೊಂಡು ಹೋಗುತ್ತಿದ್ದದ್ದು ಅಲ್ಲೇ. ಅದರ ಮೇಲೆ ಪೈಂಟ್ ಹೊಡೆಯುವುದು ನನ್ನಿಂದಾಗದು ಎಂದು ಆಗಲೇ ತೀರ್ಮಾನವಾಯಿತು. ಮಾಸಿದ್ದು ಮಾಸಿದಂತೆಯೇ ಇರಲಿ, ಇನ್ನು ಮುಂದೆ ತುಕ್ಕು ಹಿಡಿಯದಂತೆ ನೋಡಿಕೊಂಡರೆ ಸಾಕು. ಇಡೀ ಕೆಲಸ ಮುಂದೆ ನಡೆದದ್ದು ಈ ತೀರ್ಮಾನದ ಮೇಲೆ.

ಹಳೆಯ ಬಣ್ಣ ಉಳಿಸುವವರು ಒಂದು ಮಾತು ನೆನಪಿಡಬೇಕು. ಆ ಚಿನ್ನದ ಗೆರೆ, ಅಕ್ಷರಗಳು ಇರುವ ಕಡೆ ಥಿನ್ನರ್ ಮುಟ್ಟಿಸಬಾರದು, ಕಾರಿಗೆ ಹಾಕುವ ಉಜ್ಜುವ ಪಾಲಿಶ್ ಕೂಡ ಬೇಡ. ಬಣ್ಣಕ್ಕಿಂತ ಮೊದಲು ಗೆರೆಯೇ ಎದ್ದು ಹೋಗುತ್ತದೆ. ಸೌಮ್ಯವಾದ ಸಾಬೂನು, ಮೆತ್ತನೆಯ ಬಟ್ಟೆ, ಒಣಗಿದ ಮೇಲೆ ಮೇಣ. ಇಷ್ಟೇ.

ಬಿಚ್ಚುವ ಕೆಲಸ ಮೇ ಕೊನೆಯ ಪತ್ತನಾಜೆಯ ಹೊತ್ತಿಗೆ ಕಾಟರ್ ಪಿನ್ನಿಗೆ ಬಂದು ನಿಂತಿತು. ಹಳೆಯ ಸೈಕಲ್‌ಗಳಲ್ಲಿ ಪೆಡಲಿನ ಕಾಲನ್ನು ನಡುವಿನ ಆಕ್ಸಲಿಗೆ ಹಿಡಿದಿಡುವುದು ಬೆರಳು ಗಾತ್ರದ ಒಂದು ಆಪು, ಅಂದರೆ ಬೆಣೆ. ಅದರ ಒಂದು ಮುಖ ಚಪ್ಪಟೆ, ತುದಿಯಲ್ಲಿ ನಟ್ಟು. ವರ್ಷಗಳ ತುಕ್ಕಿನಲ್ಲಿ ಅದು ಕಬ್ಬಿಣದೊಂದಿಗೆ ಒಂದಾಗಿಬಿಟ್ಟಿರುತ್ತದೆ. ಎಣ್ಣೆ ಬಿಟ್ಟೆ, ಕಾದೆ, ಬಡಿದೆ, ಅದು ಅಲುಗಲಿಲ್ಲ. ಕೊನೆಗೆ ಪೇಟೆಯಲ್ಲಿ ಉಳಿದಿರುವ ಒಂದೇ ಸೈಕಲ್ ಅಂಗಡಿಯ ಮೇಸ್ತ್ರಿಯವರನ್ನು ಮನೆಗೆ ಕರೆತಂದೆ. ಗಂಟೆ ಲೆಕ್ಕದಲ್ಲಿ ಬಾಡಿಗೆ ಸೈಕಲ್ ಕೊಡುತ್ತಿದ್ದ ಕಾಲದಿಂದ ಆ ಅಂಗಡಿಯಲ್ಲಿರುವವರು, ಈಗ ಹೆಚ್ಚಾಗಿ ಬೈಕಿನ ಪಂಕ್ಚರ್ ಹಾಕುತ್ತಾರೆ. ನನ್ನ ಕೈಯಲ್ಲಿದ್ದ ಸುತ್ತಿಗೆ ನೋಡಿದ ಕೂಡಲೇ, "ಮಾಸ್ಟ್ರೇ, ಮೊದಲು ಅದನ್ನು ಕೆಳಗಿಡಿ" ಎಂದರು.

ಅವರು ಮಾಡಿದ ಕ್ರಮ ಇದು. ನಟ್ಟನ್ನು ಪೂರ್ತಿ ತೆಗೆಯದೆ, ಪಿನ್ನಿನ ತುದಿಗೆ ಸಮವಾಗುವಷ್ಟು ಮಾತ್ರ ಸಡಿಲಿಸಿದರು. ಹಾಗಿದ್ದರೆ ಏಟು ಬಿದ್ದಾಗ ತಿರುಪು ಚಪ್ಪಟೆಯಾಗುವುದಿಲ್ಲ. ಪೆಡಲಿನ ಕಾಲಿನ ಕೆಳಗೆ, ಪಿನ್ನಿನ ತಲೆ ಒಳಗೆ ಕೂರುವಂತೆ, ದಪ್ಪನೆಯ ಕಬ್ಬಿಣದ ಪೈಪಿನ ತುಂಡೊಂದನ್ನು ನಿಲ್ಲಿಸಿದರು. ಅದರ ಬುಡ ಅಂಗಳದ ಕಲ್ಲಿನ ಮೇಲೆ. ಸೈಕಲಿನ ಭಾರವೆಲ್ಲ ಆ ಪೈಪಿನ ಮೇಲೆ ನಿಂತಿತು. ಪೈಂಟಿಗೆ ತಗಲದಂತೆ ಒದ್ದೆ ಬಟ್ಟೆ ಸುತ್ತಿ, ಬ್ಲೋ ಲ್ಯಾಂಪಿನಿಂದ ಕಾಲಿನ ಭಾಗವನ್ನಷ್ಟೇ ಬಿಸಿ ಮಾಡಿದರು. ಆಮೇಲೆ ದೊಡ್ಡ ಸುತ್ತಿಗೆಯಿಂದ ನೇರವಾಗಿ ಒಂದೇ ಏಟು. ಪಿನ್ನು ಠಣ್ಣೆಂದು ಕದಲಿತು, ನಟ್ಟು ತೆಗೆದ ಮೇಲೆ ಪೈಪಿನೊಳಗೆ ಬಿತ್ತು. ಹತ್ತು ಸಣ್ಣ ಏಟುಗಳಿಂದ ಪಿನ್ನಿನ ತುದಿ ಅಣಬೆಯ ಹಾಗೆ ಅರಳುತ್ತದೆಯೇ ಹೊರತು ಕದಲುವುದಿಲ್ಲ, ಕೆಳಗೆ ಆಧಾರವಿಲ್ಲದೆ ಬಡಿದರೆ ಏಟೆಲ್ಲ ಒಳಗಿನ ಬಾಲ್ಸಿನ, ಅಂದರೆ ಬೇರಿಂಗಿನ ಗುಂಡುಗಳ ಮೇಲೆ ಹೋಗುತ್ತದೆ ಎಂದು ಅವರು ವಿವರಿಸಿದರು. ಆ ದಿನದ ಕೂಲಿಯೆಂದು ಮುನ್ನೂರು ರೂಪಾಯಿಗಿಂತ ಹೆಚ್ಚು ಮುಟ್ಟಲು ಒಪ್ಪಲಿಲ್ಲ.

ಹೊಸ ಪಿನ್ನು ಇಪ್ಪತ್ತು ರೂಪಾಯಿಯೊಳಗೆ ಸಿಗುತ್ತದೆ. ತಂದ ಹಾಗೆಯೇ ಹಾಕಲು ಬರುವುದಿಲ್ಲ. ಚಪ್ಪಟೆ ಮುಖವನ್ನು ಅರದಿಂದ ತೀಡಿ, ಆಕ್ಸಲಿನಲ್ಲಿ ಕೊರೆದ ಜಾಗಕ್ಕೆ ಪೂರ್ತಿ ತಾಗುವಂತೆ ಮಾಡಬೇಕು. ಎರಡು ಪಿನ್ನುಗಳ ಇಳಿಜಾರೂ ಒಂದೇ ಆಗಿರಬೇಕು, ಎರಡನ್ನೂ ಎದುರುಬದುರು ದಿಕ್ಕಿನಿಂದ ತೂರಿಸಬೇಕು. ಇಲ್ಲವಾದರೆ ಎರಡು ಪೆಡಲುಗಳು ಒಂದೇ ಗೆರೆಯಲ್ಲಿ ನಿಲ್ಲುವುದಿಲ್ಲ, ತುಳಿಯುವಾಗ ಪ್ರತಿ ಸುತ್ತಿನಲ್ಲೂ ಕಾಲಿಗೆ ಅದು ತಿಳಿಯುತ್ತದೆ. ಪಿನ್ನಿನ ಮುಖಕ್ಕೆ ದೀಪದ ಕಾಡಿಗೆ ಹಚ್ಚಿ ಒಮ್ಮೆ ತೂರಿಸಿ ತೆಗೆದರೆ, ತಾಗಿದ ಕಡೆ ಕಾಡಿಗೆ ಅಳಿಸಿರುತ್ತದೆ. ಅಲ್ಲಿ ಮಾತ್ರ ತೀಡುವುದು, ಮತ್ತೆ ಹಚ್ಚುವುದು. ನಿಧಾನದ ಕೆಲಸ, ಆದರೆ ನನಗೆ ಇಡೀ ಸೈಕಲಿನಲ್ಲಿ ಅತ್ಯಂತ ಖುಷಿ ಕೊಟ್ಟ ಕೆಲಸ.

ತಿರುಪುಗಳ ದಿಕ್ಕು ಗೊತ್ತಿಲ್ಲದೆ ಬಲ ಹಾಕಿದರೆ ಹಳೆಯ ಸೈಕಲ್ ಹಾಳಾಗುತ್ತದೆ. ಎಡಗಡೆಯ ಪೆಡಲಿನ ತಿರುಪು ಉಲ್ಟಾ. ಇಂಗ್ಲಿಷ್ ಸೈಕಲ್‌ಗಳಲ್ಲಿ ಚೈನಿರುವ ಬಲಗಡೆಯ ದೊಡ್ಡ ಕಪ್ಪಿನದೂ, ಅಂದರೆ ನಡುವಿನ ಆಕ್ಸಲಿನ ಬಾಲ್ಸು ಕೂರುವ ಬಟ್ಟಲಿನದೂ ಉಲ್ಟಾ. ಅದನ್ನು ಬಿಚ್ಚುವುದು ಗಡಿಯಾರದ ಮುಳ್ಳಿನ ದಿಕ್ಕಿಗೆ. ಒಳಗಿನ ಬಾಲ್ಸು ಬಿಡಿಬಿಡಿಯಾಗಿರುತ್ತವೆ, ಕಾಲು ಇಂಚಿನವು, ಪಕ್ಕಕ್ಕೆ ಹನ್ನೊಂದರಂತೆ. ಕೆಳಗೆ ಬಿಳಿ ಬಟ್ಟೆ ಹಾಸದೆ ಬಿಚ್ಚಬೇಡಿ. ಹಳೆಯ ಬಾಲ್ಸನ್ನು ಮತ್ತೆ ಹಾಕಿ ಜಿಪುಣತನ ಮಾಡುವುದೂ ಬೇಡ, ಹೊಸವು ಚಹಾ ತಿಂಡಿಯ ಬೆಲೆಗೆ ಬರುತ್ತವೆ.

ನಿಜವಾದ ಪರೀಕ್ಷೆ ಎದುರಾದದ್ದು ಇಲ್ಲಿ. ಎಡಗಡೆಯ ಕಪ್ಪಿನೊಳಗೆ ಬಾಲ್ಸು ಓಡುವ ಜಾಡಿನಲ್ಲಿ ಕುಳಿಗಳು ಬಿದ್ದಿದ್ದವು. ಬದಲಿಸಲೇಬೇಕು. ಪೇಟೆಯಿಂದ ತಂದ ಕಪ್ಪು ನೋಡಲು ಅದರ ಹಾಗೆಯೇ ಇತ್ತು, ಆದರೆ ಒಂದು ಸುತ್ತು ಹೋಗಿ ಬಿಗಿಯಿತು. ಮೇಸ್ತ್ರಿಯವರನ್ನು ಕೇಳಿದರೆ, "ಕೈಬೆರಳಿನಿಂದ ಮೂರು ಸುತ್ತು ಹೋಗದ್ದನ್ನು ಸ್ಪ್ಯಾನರಿನಿಂದ ಹೊಗಿಸಬಾರದು, ಮಾಸ್ಟ್ರೇ. ರ‍್ಯಾಲಿಯ ತಿರುಪೇ ಬೇರೆ" ಎಂದರು. ಲೇತ್ ಅಂಗಡಿಯಿಂದ ತಿರುಪಿನ ಗೇಜು ತಂದು ಅಳೆದಾಗ ಅವರು ಹೇಳಿದ್ದು ಸರಿಯೆಂದು ಗೊತ್ತಾಯಿತು. ಸಾಮಾನ್ಯ ಸೈಕಲ್‌ಗಳ ಕಪ್ಪಿನಲ್ಲಿ ಇಂಚಿಗೆ 24 ತಿರುಪು, ರ‍್ಯಾಲಿಯವರು ತಮ್ಮದೇ ಅಳತೆ ಹಿಡಿದು 26 ಇಟ್ಟಿದ್ದರು. ಲೇತಿನಲ್ಲಿ ಮಾಡಿಸಬಹುದಲ್ಲವೇ ಎಂದು ನಿಮಗೂ ಅನಿಸಬಹುದು. ಬಾಲ್ಸು ಓಡುವ ಜಾಡನ್ನು ಗಟ್ಟಿಗೊಳಿಸದಿದ್ದರೆ ಮೆದು ಕಬ್ಬಿಣ ಬೇಗ ಸವೆಯುತ್ತದೆ. ಫ್ರೇಮಿನಲ್ಲೇ ಹೊಸ ತಿರುಪು ಕೊರೆಸುವುದಕ್ಕೆ ನನಗೆ ಮನಸ್ಸಿರಲಿಲ್ಲ.

ಕೊನೆಗೆ ಇಂಗ್ಲೆಂಡಿನಲ್ಲಿ ಹಳೆಯ ಬಿಡಿಭಾಗ ಮಾರುವವರೊಬ್ಬರಿಂದ ಎರಡೂ ಕಡೆಯ ಕಪ್ಪು, ಗೇರಿನ ಹಬ್ಬಿಗೆ ಬೇಕಾದ ಸಣ್ಣ ಚೈನ್ ಕೊಂಡಿ ತರಿಸಿದೆ. ಸ್ಟರ್ಮಿ-ಆರ್ಚರ್ ಕಂಪನಿ 2000ದಲ್ಲಿ ತೈವಾನಿನವರ ಕೈಗೆ ಹೋದರೂ ಆ ಕೊಂಡಿಯಂಥ ಭಾಗಗಳು ಇಂದಿಗೂ ಹೊಸದಾಗಿಯೇ ಸಿಗುತ್ತವೆ. ಸಾಮಾನು ಭಾರತಕ್ಕೆ ಬಂದ ಮೇಲೆ ಕೊರಿಯರಿನವರಿಂದ ಸಂದೇಶ: ಸುಂಕ ಇಲಾಖೆಗೆ ಕೊಡಲು ಆಧಾರ್, ಪಾನ್, ಖರೀದಿಯ ಬಿಲ್ಲು, ಹಣ ಕಟ್ಟಿದ ದಾಖಲೆ ಬೇಕು. ನಮ್ಮ ಕಡೆಯವರಿಗೆ ಇಲ್ಲೊಂದು ತೊಡಕು ಸದಾ ಕಾದಿರುತ್ತದೆ. ಆಧಾರಿನಲ್ಲಿ ಹೆಸರಿನ ಹಿಂದೆ ಮನೆತನದ ಇನಿಷಿಯಲ್, ಪಾನಿನಲ್ಲಿ ಅಪ್ಪನ ಪೂರ್ತಿ ಹೆಸರು, ಬಿಲ್ಲಿನಲ್ಲಿ ಬರೇ ಕರೆಯುವ ಹೆಸರು. ಮೂರೂ ಹೊಂದದ ಕಾರಣ ಪಾರ್ಸೆಲ್ ನಿಂತಿತು. ಕಾಗದಗಳಲ್ಲಿರುವ ಈ ಎಲ್ಲ ಹೆಸರುಗಳೂ ನನ್ನವೇ ಎಂದು ಬರೆದು ಸಹಿ ಹಾಕಿ, ಬ್ಯಾಂಕಿನ ವಿವರದ ಪ್ರತಿಯನ್ನೂ ಸೇರಿಸಿ ಕಳಿಸಿದ ಮೇಲೆ ಅದು ಕದಲಿತು. ಅಷ್ಟು ದಿನವೂ ಬಿಚ್ಚಿಟ್ಟ ಫ್ರೇಮು ಚಾವಡಿಯಲ್ಲಿ ನೇತಾಡುತ್ತಿತ್ತು, ನನಗೆ ರಾತ್ರಿ ಅದರದ್ದೇ ಚಿಂತೆ. ತರಿಸುವವರು ಆರ್ಡರಿನಲ್ಲೇ ಆಧಾರ್‌ನಲ್ಲಿರುವಂತೆ ಅಕ್ಷರಕ್ಕೆ ಅಕ್ಷರ ಹೆಸರು ಕೊಡಿ. ಸುಂಕವನ್ನು ಲೆಕ್ಕ ಹಾಕುವುದು ವಸ್ತುವಿನ ಬೆಲೆಗೆ ಸಾಗಣೆ ವೆಚ್ಚವನ್ನೂ ಸೇರಿಸಿದ ಮೊತ್ತದ ಮೇಲೆ, ಅದರ ಮೇಲೆ ಜಿಎಸ್‌ಟಿ ಬೇರೆ. ಅಂಗೈಯಗಲದ ಆ ಪೊಟ್ಟಣ ನನಗೆ ಬಿದ್ದದ್ದು ಐದು ಸಾವಿರದ ಹತ್ತಿರ.

ಕಾಯುವ ಕಾಲದಲ್ಲಿ ತುಕ್ಕಿನ ಕೆಲಸ ಮುಗಿಸಿದೆ. ಮೊಸಾಯಿಕ್ ನೆಲ ಪಾಲಿಶ್ ಮಾಡುವವರು ಬಳಸುವ ಆಕ್ಸಾಲಿಕ್ ಆಮ್ಲ ಹಾರ್ಡ್‌ವೇರ್ ಅಂಗಡಿಗಳಲ್ಲಿ ಪುಡಿಯಾಗಿ ಸಿಗುತ್ತದೆ. ಲೀಟರ್ ನೀರಿಗೆ ಮೂವತ್ತು ಗ್ರಾಂ ಹಾಕಿದರೆ ಅದು ತುಕ್ಕನ್ನು ಕರಗಿಸುತ್ತದೆ, ಒಳಗಿನ ಕ್ರೋಮನ್ನು ಬಿಡುತ್ತದೆ. ಆದರೆ 28 ಇಂಚಿನ ಚಕ್ರದ ರಿಮ್ಮನ್ನು ಮುಳುಗಿಸಲು ಅಷ್ಟು ದೊಡ್ಡ ಪಾತ್ರೆ ಎಲ್ಲಿದೆ? ಅಡಿಕೆ ಒಣಗಿಸುವ ಅಂಗಳದ ಮೂಲೆಯಲ್ಲಿ ಬಳೆಯಾಕಾರದ ಚಿಕ್ಕ ಚರಂಡಿ ತೋಡಿ, ಟಾರ್ಪಾಲು ಹಾಸಿ, ಅದರೊಳಗೆ ರಿಮ್ಮನ್ನು ಮಲಗಿಸಿದೆ. ಬಳೆಯಷ್ಟೇ ಜಾಗವಾದ್ದರಿಂದ ದ್ರಾವಣ ಸ್ವಲ್ಪವೇ ಸಾಕಾಯಿತು. ಒಂದು ರಾತ್ರಿ ಕಳೆದು ಬೆಳಿಗ್ಗೆ ಎತ್ತಿ ತೊಳೆದಾಗ ಕೆಂಪೆಲ್ಲ ಹೋಗಿ, ಸಣ್ಣ ಕಪ್ಪು ಚುಕ್ಕಿಗಳ ನಡುವೆ ಕ್ರೋಮ್ ಹೊಳೆಯಿತು. ಕೂಡಲೇ ಅಡುಗೆ ಸೋಡಾದ ನೀರಿನಲ್ಲಿ ಅದ್ದಿ, ಒರೆಸಿ, ಬಿಸಿಲಿಗಿಟ್ಟು ಎಣ್ಣೆ ಸವರಬೇಕು. ಇಲ್ಲದಿದ್ದರೆ ನಮ್ಮ ಹವೆಗೆ ಸಂಜೆಯೊಳಗೆ ಮತ್ತೆ ಕೆಂಪಾಗುತ್ತದೆ.

ಈ ಆಮ್ಲ ವಿಷ. ಕೈಗವಸು ಬೇಕು, ಪುಡಿಯ ದೂಳು ಮೂಗಿಗೆ ಹೋಗಬಾರದು, ಮಕ್ಕಳು ದನಕರುಗಳು ಹತ್ತಿರ ಸುಳಿಯದಂತೆ ಬೇಲಿ ಕಟ್ಟಬೇಕು. ಉಳಿದ ದ್ರಾವಣವನ್ನು ತೋಟಕ್ಕೆ ಚೆಲ್ಲಬೇಡಿ. ಅಡಿಕೆಗೆ ಬೋರ್ಡೊ ದ್ರಾವಣ ಬಿಡುವ ಮನೆಗಳಲ್ಲಿ ಸುಣ್ಣ ಇದ್ದೇ ಇರುತ್ತದೆ. ಅದನ್ನು ಕಲಸಿದರೆ ಆಮ್ಲ ನೀರಿನಲ್ಲಿ ಕರಗದ ಬಿಳಿ ಗಸಿಯಾಗಿ ಕೆಳಗೆ ಕೂರುತ್ತದೆ. ಸ್ಪ್ರಿಂಗು, ಚೈನು, ಬಾಲ್ಸಿನಂಥ ಗಟ್ಟಿ ಉಕ್ಕನ್ನು ಇದರಲ್ಲಿ ಹಾಕಬಾರದು, ಅವು ಒಳಗಿನಿಂದ ಪೆಡಸಾಗುತ್ತವೆ. ಹಾಗೆಯೇ ಮೈಲುತುತ್ತು ಇಡುವ ಕೋಣೆಯಲ್ಲಿ ಸೈಕಲ್ ನಿಲ್ಲಿಸಬೇಡಿ. ಅದು ಕಬ್ಬಿಣವನ್ನು ತಿನ್ನುತ್ತದೆ. ನಮ್ಮ ಕಡೆ ಎಷ್ಟೋ ಸೈಕಲ್‌ಗಳು ಹಾಳಾದದ್ದು ಮಳೆಯಿಂದಲ್ಲ, ಸ್ಪ್ರೇ ಡ್ರಮ್ಮಿನ ಪಕ್ಕ ನಿಂತದ್ದರಿಂದ.

ಬ್ರೇಕಿನ ಒಂದು ಸರಳು ಮಾತ್ರ ತೀರಾ ಕೆಟ್ಟಿತ್ತು. ಹೊಸದಾಗಿ ಕ್ರೋಮ್ ಹಾಕಿಸಲು ನಗರದ ಒಂದು ಪ್ಲೇಟಿಂಗ್ ಅಂಗಡಿಗೆ ಕೊಟ್ಟೆ. ಮುಂದಿನ ವಾರ, ಮುಂದಿನ ವಾರ ಎನ್ನುತ್ತಾ ಮಳೆಗಾಲದ ಆಟಿ ತಿಂಗಳು ಕಳೆಯಿತು. ಬಂದಾಗ ಅದು ಕನ್ನಡಿಯ ಹಾಗೆ ಹೊಳೆಯುತ್ತಿತ್ತು, ಆದರೆ ಉಜ್ಜಿ ಉಜ್ಜಿ ಅಂಚುಗಳೆಲ್ಲ ಉರುಟಾಗಿ, ಕೊರೆದ ಅಕ್ಷರಗಳು ಅಳಿಸಿಹೋಗಿದ್ದವು. ನನಗೆ ಅತ್ತುಬಿಡುವಷ್ಟು ಸಂಕಟವಾಯಿತು. ಹ್ಯಾಂಡಲ್ಲನ್ನು ಅವರಿಗೆ ಕೊಡದೆ ಇದ್ದದ್ದೇ ಪುಣ್ಯ. ಕೊಡುವುದೇ ಆದರೆ ಮೊದಲು ಬೆಲೆಯಿಲ್ಲದ ಸಣ್ಣ ತುಂಡೊಂದನ್ನು ಕೊಟ್ಟು ಅವರ ಕೈ ಹೇಗಿದೆ ಎಂದು ನೋಡಿ.

ಚಕ್ರಗಳ ವಿಷಯದಲ್ಲಿ ಹೆದರುವಂಥದ್ದೇನೂ ಇಲ್ಲ. 28 ಇಂಚಿಗೆ ಒಂದೂವರೆ ಇಂಚಿನ ಟೈರು ನಮ್ಮ ದೇಶದ ದೊಡ್ಡ ಸೈಕಲ್‌ಗಳಿಗೆಲ್ಲ ಅದೇ ಆದ್ದರಿಂದ ಬದಿಯಡ್ಕದಲ್ಲೇ ಸಿಕ್ಕಿತು. ಕಡ್ಡಿಗಳು ಮುಂದೆ 32, ಹಿಂದೆ 40. ತುಂಡಾದವನ್ನು ಬದಲಿಸಿ ಮೇಸ್ತ್ರಿಯವರು ಒಂದು ಮಧ್ಯಾಹ್ನ ಕೂತು ಬೆಂಡ್ ತೆಗೆದುಕೊಟ್ಟರು.

ಹಿಂದಿನ ಗೇರ್ ಹಬ್ಬನ್ನು ಬಿಚ್ಚುವ ಅವಸರ ಬೇಡ. ಈ ಎಡಬ್ಲ್ಯು ಹಬ್ಬುಗಳು ಅಷ್ಟು ಸುಲಭಕ್ಕೆ ಕೆಡುವಂಥವಲ್ಲ. ಎಣ್ಣೆ ಬಿಡುವ ಚಿಕ್ಕ ಮುಚ್ಚಳದಿಂದ ಸೀಮೆಎಣ್ಣೆ ಹನಿಸಿ, ಚಕ್ರ ತಿರುಗಿಸಿ, ಮಲಗಿಸಿ ಬಸಿಯುವುದನ್ನು ಕಪ್ಪು ಹೋಗುವವರೆಗೆ ಮಾಡಿದರೆ ಒಳಗಿನ ಹಳೆಯ ಅಂಟು ಬಿಡುತ್ತದೆ. ಆಮೇಲೆ ತೆಳ್ಳನೆಯ ಎಂಜಿನ್ ಆಯಿಲ್ ಒಂದು ಚಮಚ. ತೆಂಗಿನೆಣ್ಣೆ ಬೇಡ, ಅದು ಒಳಗೆ ಗಟ್ಟಿಯಾಗುತ್ತದೆ. ನಮ್ಮ ಸೈಕಲಿನಲ್ಲಿ ಗೇರಿನ ಕೇಬಲ್ ತುಂಡಾಗಿ, ಆಕ್ಸಲಿನಿಂದ ಹೊರಬರುವ ಕೊಂಡಿಯೂ ಮುರಿದುಹೋಗಿತ್ತು. ಈ ಹಬ್ಬಿನ ಸ್ವಭಾವವೆಂದರೆ, ಕೇಬಲ್ ಎಳೆಯದಿದ್ದಾಗ ಅದು ತಾನಾಗಿಯೇ ಮೂರನೆಯ, ಅಂದರೆ ಅತಿ ಭಾರದ ಗೇರಿಗೆ ಹೋಗಿ ಕೂರುತ್ತದೆ. ನಡುವಿನ ಗೇರಿಗಿಂತ ಅದು ಮೂರನೆಯ ಒಂದು ಪಾಲು ಭಾರ. ಇದನ್ನು ತಿಳಿದ ದಿನ ನಾನು ಸ್ಪ್ಯಾನರ್ ಕೆಳಗಿಟ್ಟು ಬಹಳ ಹೊತ್ತು ಸುಮ್ಮನೆ ಕೂತೆ. ಕೊಯಮತ್ತೂರಿಗೆ ಹೋಗುವ ಮೊದಲಿನ ವರ್ಷಗಳಲ್ಲಿ ದೊಡ್ಡಪ್ಪ ಸಣ್ಣ ಏರು ಬಂದರೂ ಇಳಿದು ತಳ್ಳುತ್ತಿದ್ದರು. ವಯಸ್ಸಾಯಿತು ಎಂದು ನಾವೆಲ್ಲ ಅಂದುಕೊಂಡಿದ್ದೆವು. ಅಣ್ಣನಿಗೆ ಫೋನ್ ಮಾಡಿ ಹೇಳಿದೆ. ಅವನೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಹೊಸ ಕೊಂಡಿ ಬಂದ ಮೇಲೆ ಕೇಬಲ್ ಹೊಂದಿಸುವುದು ಕಷ್ಟವಲ್ಲ. ಲಿವರನ್ನು ನಡುವಿನ ಗೇರಿಗಿಟ್ಟು ನೋಡಿದಾಗ, ಬಲಗಡೆಯ ನಟ್ಟಿನ ಕಿಂಡಿಯಲ್ಲಿ ಕಾಣುವ ಸರಳಿನ ಭುಜ ಆಕ್ಸಲಿನ ತುದಿಗೆ ಸರಿಸಮವಾಗಿರಬೇಕು. ಇದನ್ನು ನಿರ್ಲಕ್ಷಿಸಬೇಡಿ. ಹೊಂದಾಣಿಕೆ ತಪ್ಪಿದರೆ ಎರಡು ಮತ್ತು ಮೂರನೆಯ ಗೇರುಗಳ ನಡುವೆ ಯಾವುದಕ್ಕೂ ಕಚ್ಚದ ಒಂದು ಜಾಗವಿದೆ. ಎದ್ದು ನಿಂತು ತುಳಿಯುವಾಗ ಪೆಡಲ್ ಅಲ್ಲಿ ಖಾಲಿ ತಿರುಗಿದರೆ ಸವಾರ ಅಡ್ಡಕಂಬದ ಮೇಲೆ ಬೀಳುತ್ತಾನೆ.

ದೀಪಾವಳಿ ಕಳೆದ ಭಾನುವಾರ ಬೆಳಿಗ್ಗೆ ಬದಿಯಡ್ಕದಿಂದ ನೀರ್ಚಾಲು, ಸೀತಾಂಗೋಳಿ ದಾಟಿ ಕುಂಬಳೆಗೆ ಹೋಗಿ ಬಂದೆ. ಇಳಿಯುವಾಗ ಬ್ರೇಕ್ ಹಿಡಿಯುತ್ತದೆಯೇ ಎಂಬ ಅಳುಕಿತ್ತು. ಒಣ ರಸ್ತೆಯಲ್ಲಿ ಸರಳು ಬ್ರೇಕ್ ಚೆನ್ನಾಗಿಯೇ ಹಿಡಿಯುತ್ತದೆ. ರಿಮ್ಮು ಒದ್ದೆಯಾದರೆ ಮಾತ್ರ ಜಾರುತ್ತದೆ, ಮಳೆಯಲ್ಲಿ ಬಹಳ ಮೊದಲೇ ಹಿಡಿಯಲು ತೊಡಗಬೇಕು. ಮರಳುವಾಗ ಕುಂಬಳೆಯಿಂದ ಸೀತಾಂಗೋಳಿಗೆ ಹತ್ತುವ ಏರಿನಲ್ಲಿ ಒಂದನೆಯ ಗೇರಿಗೆ ಹಾಕಿದೆ. ಇಳಿಯದೆ ಹತ್ತಿದೆ. ದಾರಿಯಲ್ಲಿ ಗೂಡಂಗಡಿಯ ಮುಂದೆ ನಿಲ್ಲಿಸಿದಾಗ ವಯಸ್ಸಾದವರೊಬ್ಬರು ಬಂದು ಲಾಂಛನ ಮುಟ್ಟಿ ನೋಡಿ, ಇದರ ಡೈನಮೋ ಎಲ್ಲಿ ಎಂದು ಕೇಳಿದರು. ಅದು ಇನ್ನೂ ಸಿಕ್ಕಿಲ್ಲ.

ಇನ್ನು ಉಳಿಸಿಕೊಳ್ಳುವ ಕೆಲಸ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ನಮ್ಮ ಜಿಲ್ಲೆಯಲ್ಲಿ ಸೈಕಲನ್ನು ನೆಲದ ಮೇಲೆ ನಿಲ್ಲಿಸಿಟ್ಟರೆ ಟೈರಿನಿಂದಲೇ ಶೀತ ಹತ್ತುತ್ತದೆ. ಚಾವಡಿಯ ಪಕ್ಕಾಸಿಗೆ ಹಗ್ಗ ಹಾಕಿ ತೂಗುಹಾಕುವುದು ಉತ್ತಮ. ಬಣ್ಣ ಹೋದ ಕಡೆಗೆ ತಿಂಗಳಿಗೊಮ್ಮೆ ಮೇಣ, ಹಬ್ಬಿಗೆ ನಾಲ್ಕು ಹನಿ ಎಣ್ಣೆ. ಚರ್ಮದ ಸೀಟಿಗೆ ಬೂಷ್ಟು ಬರುತ್ತದೆ. ತೆಂಗಿನೆಣ್ಣೆ ಉಜ್ಜಿ ಎಂದು ಎಲ್ಲರೂ ಹೇಳುತ್ತಾರೆ, ಆದರೆ ಎಣ್ಣೆ ಕುಡಿದ ಚರ್ಮ ಮೆತ್ತಗಾಗಿ ಜೋತುಬೀಳುತ್ತದೆ. ಒಣಬಟ್ಟೆಯಲ್ಲಿ ಒರೆಸಿ ಜೇನುಮೇಣವನ್ನು ತೆಳ್ಳಗೆ ಸವರಿದರೆ ಸಾಕು. ಚಕ್ರಕ್ಕೆ ಗಾಳಿ ಇಳಿಯಲು ಬಿಡಬೇಡಿ; ಹಳೆಯ ಮಾದರಿಯ ವಾಲ್ವಿನ ರಬ್ಬರ್ ಕೊಳವೆಯನ್ನು ಮಳೆಗಾಲ ಮುಗಿದ ಕೂಡಲೇ ಬದಲಿಸಿ.

ಒಟ್ಟು ಖರ್ಚು ಹದಿನಾಲ್ಕು ಸಾವಿರದ ಆಸುಪಾಸು. ಅದರಲ್ಲಿ ಹೆಚ್ಚಿನ ಪಾಲು ತಿಂದದ್ದು ಇಂಗ್ಲೆಂಡಿನ ಪೊಟ್ಟಣ, ರೈಲು ಮತ್ತು ಪ್ಲೇಟಿಂಗ್. ಟೈರು, ಟ್ಯೂಬು, ಕಡ್ಡಿ, ಚೈನು, ಬಾಲ್ಸು, ಪಿನ್ನುಗಳೆಲ್ಲ ಸೇರಿ ಮೂರು ಸಾವಿರ ದಾಟಲಿಲ್ಲ. ಅಂದರೆ ನಿಮ್ಮದು ಹರ್ಕ್ಯುಲಿಸ್, ಅಟ್ಲಾಸ್‌ನಂಥ ನಮ್ಮ ದೇಶದಲ್ಲೇ ತಯಾರಾದ ಸೈಕಲಾಗಿದ್ದು, ಮನೆಯಲ್ಲೇ ಇದ್ದರೆ ಇದರ ಕಾಲುಭಾಗದಲ್ಲಿ ಕೆಲಸ ಮುಗಿದೀತು. ರ‍್ಯಾಲಿಯಾದರೆ ಏನನ್ನಾದರೂ ಕೊಳ್ಳುವ ಮೊದಲು ತಿರುಪು ಅಳೆಸಿ. ತರಿಸಿದ ಜೋಡಿಯಲ್ಲಿ ಬಲಗಡೆಯ ಕಪ್ಪು ನನಗೆ ಬೇಕಾಗಲಿಲ್ಲ, ಹಳೆಯದೇ ಚೆನ್ನಾಗಿತ್ತು. ಇಂಚಿಗೆ 26 ತಿರುಪಿನದು, ಗ್ರೀಸ್ ಹಚ್ಚಿ ಕಾಗದದಲ್ಲಿ ಸುತ್ತಿಟ್ಟಿದ್ದೇನೆ. ನಮ್ಮ ಊರುಗಳಲ್ಲಿ ಯಾರಾದರೂ ರ‍್ಯಾಲಿ ಬಿಚ್ಚಿಟ್ಟು ಅದೇ ಕಪ್ಪಿಗಾಗಿ ಕಾಯುತ್ತಿದ್ದರೆ ತೆಗೆದುಕೊಂಡು ಹೋಗಬಹುದು, ದುಡ್ಡು ಬೇಡ.